ನೂರ ಇಪ್ಪತ್ತಾರು ಪೌಂಡು

ಕೆಲ್ಡರ್, ಅಯೋವಾ
ಸೆಪ್ಟೆಂಬರ್ 14, 1998

ಶ್ರೀಮತಿ ವರ್ನಾ ಬ್ರಾಂಡ್‌ವೋಲ್ಡ್ ಅವರಿಗೆ ವಂದನೆಗಳು.

ನಾನು ಮಿಲ್ಟನ್ ಸ್ಟೆಫೆಸ್. ಬ್ಲಫ್‌ಲ್ಯಾಂಡ್ ಕಾಲೇಜುಗಳ ಕ್ರೀಡಾ ಒಕ್ಕೂಟದಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ದಾಖಲೆ ಬರೆಯುತ್ತಿರುವವನು. ನಿಮ್ಮ ವಿಳಾಸವನ್ನು ನಿಮ್ಮ ಹಳೆಯ ಚರ್ಚಿನವರು ಕೊಟ್ಟರು. ಸುಮ್ಮನೆ ಕೊಡಲಿಲ್ಲ, ಎರಡು ಸಲ ಫೋನ್ ಮಾಡಿ ಗೋಗರೆದ ಮೇಲೆ ಕೊಟ್ಟರು.

ಮುಂದಿನ ವರ್ಷ ಒಕ್ಕೂಟಕ್ಕೆ ಎಪ್ಪತ್ತೈದು ತುಂಬುತ್ತದೆ. ಆ ನೆಪದಲ್ಲಿ ಒಂದು ಪುಸ್ತಕ ತರುತ್ತಿದ್ದೇವೆ. ಒಂಬತ್ತು ಕಾಲೇಜು, ಹದಿನಾಲ್ಕು ಆಟ. ಯಾವ ವರ್ಷ ಯಾವ ಆಟದಲ್ಲಿ ಯಾರು ಗೆದ್ದರು, ಅಷ್ಟೇ. "ಅದನ್ನ ಬರೆಯೋನೂ ನೀನೇ, ಓದೋನೂ ನೀನೇ" ಎಂದು ನನ್ನ ಹೆಂಡತಿ ಜೀನ್ ಹಂಗಿಸುತ್ತಾಳೆ. ಹಂಗಿಸಲಿ. ಆದರೆ ಅದರೊಳಗೆ ಎಂಥೆಂಥ ಸಂಗತಿಗಳಿವೆ! 1936ರಲ್ಲಿ ಗಾಲ್ಫ್ ಮೈದಾನ ನೆರೆಯಲ್ಲಿ ಮುಳುಗಿ, ನಾಣ್ಯ ಚಿಮ್ಮಿ ಪಟ್ಟ ಕಟ್ಟಿದರು. 1943, 44ರಲ್ಲಿ ಹುಡುಗರೆಲ್ಲ ಯುದ್ಧಕ್ಕೆ ಹೋಗಿ ಎಲ್ಲ ಆಟಗಳ ಸಾಲೂ ಖಾಲಿ. ಸೇಂಟ್ ಗಾಲ್ ಕಾಲೇಜು ಬೇಸ್‌ಬಾಲ್ ಒಂದರಲ್ಲೇ ಇಪ್ಪತ್ತೆರಡು ಸಲ ಗೆದ್ದಿದೆ. ಹಾರ್ಲನ್ ಕಾಲೇಜಿನ ಬಾಸ್ಕೆಟ್‌ಬಾಲ್ ಕೋಚ್ ಹದಿನೇಳು ವರ್ಷ ಸತತ ಸೋತು, ಪ್ರತಿ ವರ್ಷವೂ ಅಂಗಣದ ಹಲಗೆ ಸರಿಯಿಲ್ಲವೆಂದು ನಮಗೆ ದೂರು ಬರೆಯುತ್ತಿದ್ದ. ಕುಣಿಯಲಾರದವಳಿಗೆ ನೆಲ ಡೊಂಕು!

ಇನ್ನು ಎಲ್ಮ್ ಕ್ರೀಕ್, ನಿಮ್ಮ ಮಗ ಕರ್ಟಿಸ್ ಓದಿದ ಕಾಲೇಜು. ಎಪ್ಪತ್ತೈದು ವರ್ಷಗಳಲ್ಲಿ, ಹದಿನಾಲ್ಕು ಆಟಗಳಲ್ಲಿ, ಆ ಕಾಲೇಜು ಗೆದ್ದದ್ದು ಒಂದೇ ಒಂದು ಸಲ: 1975ರ ಕುಸ್ತಿ. ಅದೂ ಒಂದೂವರೆ ಅಂಕದಿಂದ. ನೂರ ಇಪ್ಪತ್ತಾರು ಪೌಂಡಿನ ವರ್ಗದಲ್ಲಿ ಕರ್ಟಿಸ್ ಗೆಲ್ಲದೆ ಹೋಗಿದ್ದರೆ ಅದೂ ಇರುತ್ತಿರಲಿಲ್ಲ. ಆ ದಿನ ನಾನೂ ಅಲ್ಲಿದ್ದೆ, ಕಾಗದಪತ್ರದ ಕೆಲಸಕ್ಕೆ. ಆಮೇಲೆ ಐದೇ ದಿನಕ್ಕೆ ಏನಾಯಿತೆಂಬುದೂ ಗೊತ್ತು. ಅದಕ್ಕೇ ಅವನಿಗೊಂದು ಇಡೀ ಪುಟ ಕೊಡಬೇಕೆಂದಿದ್ದೇನೆ. ಬೇರೆ ಯಾರಿಗೂ ಹಾಗೆ ಕೊಟ್ಟಿಲ್ಲ.

ಅವನದೊಂದು ಫೋಟೋ ಕಳುಹಿಸುವಿರಾ? ಮೂಲೆ ಮಡಿಸದಂತೆ ಜೋಪಾನವಾಗಿ ಹಿಂದಿರುಗಿಸುವ ಹೊಣೆ ನನ್ನದು.

ನಿಮ್ಮ ವಿಶ್ವಾಸಿ,
ಮಿಲ್ಟನ್ ಸ್ಟೆಫೆಸ್


ಯೂಮಾ, ಅರಿಜೋನಾ
ಅಕ್ಟೋಬರ್ 9, 1998

ಸ್ಟೆಫೆಸ್ ಅವರೇ,

ನಿಮ್ಮ ಪತ್ರ ತಲುಪಿತು. ಫೋಟೋ ಕಳುಹಿಸುವುದಿಲ್ಲ. ಪುಸ್ತಕದಿಂದ ಕರ್ಟಿಸ್ ಹೆಸರನ್ನು ತೆಗೆದುಬಿಡಿ.

ನನ್ನ ಗಂಡ ಆರಿನ್ ತೀರಿಕೊಂಡು ಆರು ವರ್ಷವಾಯಿತು. ನಾನು ಇಲ್ಲಿಗೆ ಬಂದು ಐದು. ಇಲ್ಲಿ ಹಿಮ ಬೀಳುವುದಿಲ್ಲ.

ವರ್ನಾ ಬ್ರಾಂಡ್‌ವೋಲ್ಡ್


ಕೆಲ್ಡರ್
ಅಕ್ಟೋಬರ್ 20, 1998

ಶ್ರೀಮತಿ ಬ್ರಾಂಡ್‌ವೋಲ್ಡ್ ಅವರಿಗೆ,

ನಿಮಗೆ ನೋವಾಗುವಂತೆ ಬರೆದಿದ್ದರೆ ಕ್ಷಮಿಸಿ. ನಾನು ಅಂಕಿಸಂಖ್ಯೆಯ ಮನುಷ್ಯ, ಮಾತು ಒರಟು. ನೀವು ಸಿಟ್ಟಾಗಿರುವುದು ಯಾಕೆಂದು ಊಹಿಸಿದ್ದೇನೆ. ಹಿಂದಿನ ಪುಸ್ತಕದಲ್ಲಿ ಅವನ ಹೆಸರು ಉಳಿದವರ ಜೊತೆ ಸಣ್ಣ ಅಕ್ಷರದಲ್ಲಿ, ಕೊನೆಯ ಪುಟದಲ್ಲಿತ್ತು. ಸತ್ತ ಹುಡುಗನಿಗೆ ಅದು ಸಲ್ಲತಕ್ಕ ಮರ್ಯಾದೆಯಲ್ಲ. ಈ ಸಲ ಹಾಗಾಗುವುದಿಲ್ಲ. ಬೇಕಾದರೆ ಎರಡು ಪುಟ ಕೊಡುತ್ತೇನೆ. ಎಲ್ಮ್ ಕ್ರೀಕ್‌ನಲ್ಲಿ ಪ್ರತಿ ಫೆಬ್ರವರಿಯಲ್ಲೂ ಅವನ ಹೆಸರಿನಲ್ಲಿ ಒಂದು ಫಲಕ ಕೊಡುತ್ತಾರೆ, ಇಡೀ ಚಳಿಗಾಲ ಒಂದು ಸಲವೂ ವರ್ಗದ ಮಿತಿ ಮೀರಿ ತೂಕ ತಪ್ಪದ ಹುಡುಗನಿಗೆ. ಅದನ್ನೂ ಬರೆಯುತ್ತೇನೆ.

ಹೆಸರು ತೆಗೆಯುವುದು ಮಾತ್ರ ನನ್ನ ಕೈಯಲ್ಲಿಲ್ಲ. ನಮ್ಮಲ್ಲಿ ಒಂದು ಕಟ್ಟಳೆ ಇದೆ. ಒಮ್ಮೆ ಗೆದ್ದವನ ಹೆಸರು ಹೋಗುವುದಿಲ್ಲ. ಅವನು ಆಡಲು ಅರ್ಹನೇ ಆಗಿರಲಿಲ್ಲ ಎಂದು ರುಜುವಾತಾದರೆ ಮಾತ್ರ ಹೋಗುತ್ತದೆ. ಆಗಲೂ ಎರಡನೆಯವನನ್ನು ಮೇಲಕ್ಕೆ ಎತ್ತುವುದಿಲ್ಲ. ಆ ಜಾಗದಲ್ಲಿ ಒಂದು ಗೆರೆ ಎಳೆಯುತ್ತೇವೆ. ಇಷ್ಟು ವರ್ಷದಲ್ಲಿ ಅಂಥ ಗೆರೆ ಒಂದೇ, 1958ರ ಫುಟ್‌ಬಾಲಿನದು. ಒಬ್ಬ ಹುಡುಗ ಅಣ್ಣನ ಹೆಸರಿನಲ್ಲಿ ಆಡಿ ಸಿಕ್ಕಿಬಿದ್ದ. ಆ ಗೆರೆ ನೋಡಿದಾಗಲೆಲ್ಲ ನನಗೆ ಹಲ್ಲು ಬಿದ್ದ ಬಾಯಿ ನೋಡಿದ ಹಾಗಾಗುತ್ತದೆ.

ದಯವಿಟ್ಟು ಇನ್ನೊಮ್ಮೆ ಯೋಚಿಸಿ.

ಮಿಲ್ಟನ್ ಸ್ಟೆಫೆಸ್


ಯೂಮಾ
ನವೆಂಬರ್ 15, 1998

ಸ್ಟೆಫೆಸ್ ಅವರೇ,

ನನಗೆ ಸಿಟ್ಟಿಲ್ಲ. ಸಿಟ್ಟು ಯಾವಾಗ ಹೋಯಿತೆಂದು ನೆನಪಿಲ್ಲ. ಅಳುವೂ ಬರುವುದಿಲ್ಲ. ಬೆಳಿಗ್ಗೆ ಎದ್ದು ಕಾಫಿ ಕಾಸುತ್ತೇನೆ, ಅಂಗಳದ ಕಲ್ಲಿನ ಮೇಲೆ ಹಕ್ಕಿಗಳಿಗೆ ಕಾಳು ಹಾಕುತ್ತೇನೆ, ಬಿಸಿಲೇರಿದರೆ ಒಳಗೆ ಬರುತ್ತೇನೆ. ಕಾರಣ ಊಹಿಸಿದ್ದೇನೆ ಅಂದಿರಿ. ಅದಲ್ಲ, ಬರೆಯುತ್ತಿದ್ದೇನೆ.

ಕಳೆದ ಚಳಿಗಾಲದಲ್ಲಿ ಬೇರೆ ಬೇರೆ ಕಾಲೇಜುಗಳ ಮೂವರು ಹುಡುಗರ ಸುದ್ದಿ ಪತ್ರಿಕೆಯಲ್ಲಿ ಬಂತು. ಕುಸ್ತಿಗೆ ತೂಕ ಇಳಿಸಲು ಹೋಗಿ ಸತ್ತವರು. ಓದಿದೆ. ಪತ್ರಿಕೆ ಮಡಿಸಿಟ್ಟು ಪಾತ್ರೆ ತೊಳೆದೆ. ಆಮೇಲೆ ಆ ಫಲಕದ ವಿಷಯ ನೆನಪಿಗೆ ಬಂತು. ತೂಕ ತಪ್ಪದವನಿಗೆ ನನ್ನ ಮಗನ ಹೆಸರು. ಪ್ರತಿ ವರ್ಷ ಒಬ್ಬ ಹುಡುಗ ಅದನ್ನು ಮನೆಗೆ ತಂದು ತಾಯಿಗೆ ತೋರಿಸುತ್ತಾನೆ. ಕರ್ಟಿಸ್ ಹೆಸರು ನಿಮ್ಮ ಪಟ್ಟಿಯಲ್ಲಿ ಇರುವವರೆಗೆ ಆ ಫಲಕವೂ ಇರುತ್ತದೆ. ನನಗೆ ಅದು ಬೇಡ. ಅಷ್ಟೇ.

ನೀವು ಅಲ್ಲಿದ್ದೆ ಅಂದಿರಿ, ಹಾಗಾಗಿ ಇದನ್ನೂ ಬರೆಯುತ್ತೇನೆ. ಆ ಶನಿವಾರದ ಕೂಟ ಹಾರ್ಲನ್‌ನಲ್ಲಿತ್ತು, ನಮ್ಮ ಜಮೀನಿನಿಂದ ಹನ್ನೆರಡು ಮೈಲಿ. ಶುಕ್ರವಾರ ಸಂಜೆ ಮಲಗಲು ಮನೆಗೆ ಬಂದ. ಎರಡು ದಿನದಿಂದ ಊಟವಿಲ್ಲ, ನೀರೂ ಇಲ್ಲ. ಕೆನ್ನೆ ಒಳಗೆ ಹೋಗಿತ್ತು. ನಾನು ಕೋಳಿ ನೂಡಲ್ಸ್ ಮಾಡಿದ್ದೆ, ಹಿಸುಕಿದ ಆಲೂಗಡ್ಡೆಯ ಮೇಲೆ ಹಾಕಿ ಕೊಡುವುದು, ಅವನಿಗೆ ಚಿಕ್ಕಂದಿನಿಂದ ಇಷ್ಟ. ಆರಿನ್ ಕೂಗಿದರು, "ವರ್ನಾ, ತಟ್ಟೆ ತೆಗಿ! ಬೆಳಗ್ಗೆ ಏಳಕ್ಕೆ ತೂಕ ಇದೆ ಅವ್ನಿಗೆ." ನಾನು, "ಇರ್ಲಿ ಬಿಡ್ರಿ, ಎರಡು ತುತ್ತು" ಅಂದೆ. ಕರ್ಟಿಸ್ ಅಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ, ತಿಂದ. ಎರಡು ತುತ್ತಲ್ಲ. ತಟ್ಟೆ ಖಾಲಿಯಾಯಿತು. ಆರಿನ್ ಎದ್ದು ಹೊರಗೆ ಹೋದರು.

ಬೆಳಿಗ್ಗೆ ತೂಕ ಸರಿಹೋಯಿತು. ಅಷ್ಟು ತಿಂದೂ ಸರಿಹೋಯಿತು. ಆಮೇಲೆ ಗುರುವಾರ ಏನೇ ಆಗಿರಲಿ, ನನ್ನ ಅಡುಗೆ ಅವನಿಗೆ ಕೇಡು ಮಾಡಲಿಲ್ಲ. ಇಷ್ಟು ವರ್ಷ ನಾನು ಹಿಡಿದುಕೊಂಡಿರುವುದು ಅದೊಂದನ್ನೇ.

ಹೆಸರು ತೆಗೆಯಿರಿ.

ವರ್ನಾ


ಕೆಲ್ಡರ್
ಡಿಸೆಂಬರ್ 28, 1998

ಶ್ರೀಮತಿ ಬ್ರಾಂಡ್‌ವೋಲ್ಡ್ ಅವರಿಗೆ,

ಉತ್ತರ ತಡವಾಯಿತು. ಇಲ್ಲಿ ಹಿಮ ಬಿದ್ದಿದೆ. ಹಬ್ಬಕ್ಕೆ ಮಕ್ಕಳು ಬಂದು ಹೋದರು. ಈಜಿನ ದಾಖಲೆಗಳಲ್ಲಿ 1961, 62 ಅದಲುಬದಲಾಗಿದ್ದವು, ಸರಿಪಡಿಸಿದೆ. ಟೆನಿಸ್ ಮುಗಿಯಿತು. ಓಟದ ಪಟ್ಟಿ ಮುಗಿಯಿತು. ಕುಸ್ತಿ ಒಂದು ಉಳಿದಿದೆ.

ಎರಡು ವಿಷಯ ಕೇಳಬೇಕಿತ್ತು. ಅಂದು ಅವನು ಎಷ್ಟು ಗಂಟೆಗೆ ಊಟ ಮಾಡಿದ? ಜೊತೆಗೆ ಏನಾದರೂ ಕುಡಿದನೇ?

ದಾಖಲೆಗಲ್ಲ. ಸುಮ್ಮನೆ ಕೇಳಿದೆ.

ಮಿಲ್ಟನ್ ಸ್ಟೆಫೆಸ್


ಯೂಮಾ
ಜನವರಿ 11, 1999

ಸ್ಟೆಫೆಸ್ ಅವರೇ,

ಐದೂವರೆಗೆ. ಹಾಲು, ಎರಡು ಲೋಟ.

ಇಷ್ಟು ವರ್ಷದಲ್ಲಿ ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಪೊಲೀಸರು ಕೇಳಲಿಲ್ಲ, ಪಾದ್ರಿ ಕೇಳಲಿಲ್ಲ, ಆರಿನ್ ಕೇಳಲಿಲ್ಲ.

ವರ್ನಾ


ಕೆಲ್ಡರ್
ಫೆಬ್ರವರಿ 22, 1999

ಶ್ರೀಮತಿ ಬ್ರಾಂಡ್‌ವೋಲ್ಡ್ ಅವರಿಗೆ,

ಹೆಸರು ಹೋಗುತ್ತದೆ. ಕಳೆದ ವಾರ ಒಕ್ಕೂಟದ ಸಮಿತಿ ಸೇರಿತ್ತು. ನಾನು ಒಂದು ಹೇಳಿಕೆ ಬರೆದುಕೊಟ್ಟೆ. ಹದಿನೈದು ನಿಮಿಷದಲ್ಲಿ ಮುಗಿಯಿತು. 1975ರ ನೂರ ಇಪ್ಪತ್ತಾರು ಪೌಂಡಿನ ಸಾಲಿನಲ್ಲಿ ಒಂದು ಗೆರೆ. ಅವನ ಅಂಕಗಳು ಹೋದ ಮೇಲೆ ಎಲ್ಮ್ ಕ್ರೀಕ್ ಕಾಲೇಜಿನ ಪಟ್ಟವೂ ಹೋಯಿತು, ಅಲ್ಲೂ ಒಂದು ಗೆರೆ. ಎಪ್ಪತ್ತೈದು ವರ್ಷ, ಹದಿನಾಲ್ಕು ಆಟ, ಈಗ ಒಂದೂ ಇಲ್ಲ. ಫಲಕವನ್ನು ನಿಲ್ಲಿಸುವುದಾಗಿ ಕಾಲೇಜಿನವರು ಬರೆದು ಕೊಟ್ಟಿದ್ದಾರೆ.

ಆ ವರ್ಷ ತಂಡದಲ್ಲಿ ಎಲ್ಲರಿಗಿಂತ ದಪ್ಪಗಿದ್ದ ಬಡ್ ಟೆಕಿಪಿ ನಿಮಗೆ ನೆನಪಿರಬಹುದು. ಈಗ ಟ್ರಾಕ್ಟರ್ ಮಾರುತ್ತಾನೆ. ಮೊನ್ನೆ ಫೋನ್ ಮಾಡಿದ. "ಇಪ್ಪತ್ನಾಲ್ಕು ವರ್ಷ ಆದ್ಮೇಲೆ ಏನ್ ರೋಗ ಬಂತು ಮಿಲ್ಟ್ ನಿಂಗೆ? ನಮ್ಮತ್ರ ಇದ್ದಿದ್ದೇ ಅದೊಂದು ಕಣೋ. ನನ್ ಮಗಂಗೆ ಏನ್ ತೋರಿಸ್ಲಿ, ಗೆರೆ ತೋರಿಸ್ಲಾ?" ಅಂದ. ಅಷ್ಟು ಹೇಳಿ ಫೋನ್ ಇಟ್ಟುಬಿಟ್ಟ. ಇಪ್ಪತ್ತು ವರ್ಷದಿಂದ ನಾವು ಒಟ್ಟಿಗೆ ಮೀನು ಹಿಡಿಯಲು ಹೋಗುತ್ತಿದ್ದೆವು.

ಕಾರಣ ಏನೆಂದು ಕೇಳಬೇಡಿ. ತಾಂತ್ರಿಕ ಲೋಪ ಅಂದುಕೊಳ್ಳಿ. ನೀವು ಕೇಳಿದ್ದು ಆಯಿತಲ್ಲ.

ಮಿಲ್ಟನ್ ಸ್ಟೆಫೆಸ್


ಯೂಮಾ
ಮಾರ್ಚ್ 6, 1999

ಸ್ಟೆಫೆಸ್ ಅವರೇ,

ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ. ಅರ್ಹನಲ್ಲ ಎಂದು ರುಜುವಾತಾದರೆ ಮಾತ್ರ ಹೆಸರು ಹೋಗುತ್ತದೆ ಎಂದು ನೀವೇ ಬರೆದಿದ್ದಿರಿ. ಏನು ರುಜುವಾತು ಮಾಡಿದಿರಿ? ನಿಮ್ಮ ಕಚೇರಿಗೆ ಕಾಗದ ಹಾಕಿದರೆ ಅವರು ಪ್ರತಿ ಕಳುಹಿಸುತ್ತಾರೆ. ಅವರಿಂದ ತಿಳಿಯುವುದು ನನಗೆ ಬೇಡ.

ನನಗೆ ಎಪ್ಪತ್ತಾರು. ಮುರಿಯುವುದು ಏನೂ ಉಳಿದಿಲ್ಲ. ಹೇಳಿ.

ವರ್ನಾ


ಕೆಲ್ಡರ್
ಮಾರ್ಚ್ 19, 1999

ಶ್ರೀಮತಿ ಬ್ರಾಂಡ್‌ವೋಲ್ಡ್ ಅವರಿಗೆ,

ಇದು ಐದನೆಯ ಕಾಗದ. ನಾಲ್ಕನ್ನು ಹರಿದು ಹಾಕಿದೆ. ಹೇಗಿತ್ತೋ ಹಾಗೇ ಬರೆಯುತ್ತೇನೆ.

ಆ ಬೆಳಿಗ್ಗೆ ಕಾಗದಪತ್ರದ ಕೆಲಸಕ್ಕಿದ್ದೆ ಅಂದಿದ್ದೆ. ತಕ್ಕಡಿಯ ಮುಂದೆ ನಿಂತಿದ್ದವನು ನಾನು. ಹಾರ್ಲನ್ ಕಾಲೇಜಿನ ಟವೆಲ್ ಕೋಣೆ. ಏಳಕ್ಕೆ ಶುರು, ಏಳೂವರೆಗೆ ಬಾಗಿಲು ಮುಚ್ಚಬೇಕು. ಹುಡುಗರು ಮೈಮೇಲೆ ನೂಲೆಳೆಯೂ ಇಲ್ಲದೆ ಸಾಲಾಗಿ ನಿಲ್ಲುತ್ತಾರೆ, ಒಬ್ಬೊಬ್ಬರಾಗಿ ಹತ್ತುತ್ತಾರೆ, ನಾನು ಗುಂಡು ಸರಿಸಿ ಕಡ್ಡಿ ನೋಡಿ ಬರೆಯುತ್ತೇನೆ. ಕಡ್ಡಿ ಮೇಲೆದ್ದರೆ ತೂಕ ಹೆಚ್ಚು.

ಕರ್ಟಿಸ್ ಏಳೂ ಐದಕ್ಕೆ ಹತ್ತಿದ. ಕಡ್ಡಿ ಮೇಲೆದ್ದಿತು. ಮುಕ್ಕಾಲು ಪೌಂಡು ಹೆಚ್ಚು. ರಬ್ಬರ್ ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ಓಡಲು ಹೋದ. ಏಳೂ ಇಪ್ಪತ್ತೈದಕ್ಕೆ ಮತ್ತೆ ಬಂದು ಹತ್ತಿದ. ಅಷ್ಟೇ, ಮುಕ್ಕಾಲು. ಉಳಿದವರೆಲ್ಲ ಹೋಗಿದ್ದರು. ತುಟಿ ಸುಣ್ಣದ ಹಾಗೆ ಬೆಳ್ಳಗಾಗಿತ್ತು. "ಬೆವರೇ ಬರ್ತಿಲ್ಲ ಸಾರ್. ಉಗುಳೋಣ ಅಂದ್ರೆ ಎಂಜಲೂ ಇಲ್ಲ" ಅಂದ.

"ಆಗಲ್ಲ ಕಣೋ ಮಗ. ಇಳಿ" ಅಂದೆ.

ಅವನು ಇಳಿಯಲಿಲ್ಲ. ಮೆಲ್ಲಗೆ ಹೇಳಿದ, "ಸಾರ್, ಆಡೋದು ಬಿಡೋದು ಹಾಳಾಗ್ಲಿ. ತೂಕ ಹೆಚ್ಚಾಯ್ತು ಅಂತ ನಮ್ಮಮ್ಮಂಗೆ ಗೊತ್ತಾಗ್ಬಾರ್ದು. ನಿನ್ನೆ ಊಟ ಹಾಕಿದ್ದು ಅವ್ರು. ಅಪ್ಪ ಬೇಡ ಅಂದಿದ್ರು. ಅಪ್ಪ ಅವ್ರನ್ನ ಬಿಡಲ್ಲ ಸಾರ್."

ನಾನು ಹೆಬ್ಬೆರಳನ್ನು ಕಡ್ಡಿಯ ಮೇಲೆ ಇಟ್ಟೆ. ಕಡ್ಡಿ ಸಮವಾಗಿ ನಿಂತಿತು. "ತೂಕ ಸರಿ" ಅಂದೆ. ನೂರ ಇಪ್ಪತ್ತಾರು ಎಂದು ಬರೆದೆ. ಅವನು ನನ್ನ ಕೈ ಕುಲುಕಿದ. ಅವನ ಅಂಗೈ ತಣ್ಣಗಿತ್ತು, ಒಣಗಿತ್ತು.

ಅಂದು ಮನೆಗೆ ಹೋಗುವಾಗ ನನಗೆ ಸಂತೋಷವಾಗಿತ್ತು. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೆ. ಆಗಲ್ಲ ಅಂದಿದ್ದರೆ ಅವನು ಆಡುತ್ತಿರಲಿಲ್ಲ, ಗೆಲ್ಲುತ್ತಿರಲಿಲ್ಲ, ರಾಷ್ಟ್ರೀಯ ಕೂಟಕ್ಕೆ ಆಯ್ಕೆಯಾಗುತ್ತಿರಲಿಲ್ಲ. ಗೆದ್ದ ಮೇಲೆ ತಿಂದು ಏರಿದ್ದ ಹನ್ನೊಂದು ಪೌಂಡನ್ನು ಮತ್ತೆ ಇಳಿಸಲು ಗುರುವಾರ ಕಾಲೇಜಿನ ಬಾಯ್ಲರ್ ಕೋಣೆಯ ಕಾವಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಮನೆಗೆ ಬಂದು ಅಪ್ಪನ ಕೈಯಲ್ಲಿ ಬೈಸಿಕೊಂಡು ಊಟ ಮಾಡುತ್ತಿದ್ದ. ಇದನ್ನು ನಾನು ಎಷ್ಟು ಸಲ ಲೆಕ್ಕ ಹಾಕಿದ್ದೇನೆಂದರೆ ಈಗ ಅದು ಯಾರದೋ ವಿಷಯದಂತೆ ಕೇಳಿಸುತ್ತದೆ. ಇಡೀ ಪುಟ ಕೊಡುತ್ತೇನೆ ಅಂದದ್ದು ಇದಕ್ಕೇ.

ನವೆಂಬರಿನ ನಿಮ್ಮ ಪತ್ರ ಓದಿದ ಮೇಲೆ ಬಾಯಿ ಮುಚ್ಚಿಕೊಂಡಿರೋಣ ಅಂದುಕೊಂಡೆ. ನೀವು ಕೇಳಿದ್ದನ್ನು ಕೊಡಬೇಕಾದರೆ ನೀವು ಹಿಡಿದುಕೊಂಡದ್ದನ್ನು ಕಿತ್ತುಕೊಳ್ಳಬೇಕಿತ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಬರೆದ ಸುಳ್ಳು ಅಂಕಿ ಅದೊಂದೇ. ಅಮ್ಮನಿಗೆ ಗೊತ್ತಾಗಬಾರದು ಎಂದು ಅವನು ಬೇಡಿಕೊಂಡಿದ್ದ. ಅದನ್ನೂ ಈಗ ಮುರಿದೆ.

ಮಿಲ್ಟನ್ ಸ್ಟೆಫೆಸ್


ಯೂಮಾ
ಜೂನ್ 2, 1999

ಮಿಲ್ಟನ್ ಅವರೇ,

ಪುಸ್ತಕ ಬಂತು. ಭಾರವಾಗಿದೆ. ಮೊದಲು ಗಾಲ್ಫ್ ಓದಿದೆ, ನಾಣ್ಯ ಚಿಮ್ಮಿದ್ದು. ಆಮೇಲೆ ಯುದ್ಧದ ವರ್ಷಗಳ ಖಾಲಿ ಸಾಲು. ಕೊನೆಗೆ ಕುಸ್ತಿ ತೆಗೆದೆ. ಗೆರೆ ಇದೆ. ನೋಡಿದರೆ ಏನಾದರೂ ಆಗಬಹುದು ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಪುಸ್ತಕ ಮುಚ್ಚಿ ಹಕ್ಕಿಗೆ ಕಾಳು ಹಾಕಿ ಬಂದೆ.

ನಿಮ್ಮ ಮಾರ್ಚ್ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಸಿಟ್ಟಿನಿಂದ ಅಲ್ಲ. ನಾನು ನಿಮಗೆ ಒಂದು ಸುಳ್ಳು ಬರೆದಿದ್ದೆ, ಅದನ್ನು ಹೇಗೆ ಹೇಳುವುದೆಂದು ತಿಳಿಯಲಿಲ್ಲ.

ಮಣ್ಣು ಮಾಡಿ ಒಂದು ತಿಂಗಳಾಗಿರಬೇಕು. ಆರಿನ್ ಹೊಲಕ್ಕೆ ಹೋಗಿದ್ದರು. ನಾನು ಅದೇ ಅಡುಗೆ ಮಾಡಿದೆ. ಅದೇ ತಟ್ಟೆಗೆ ಅಷ್ಟೇ ಬಡಿಸಿ, ಹಿಟ್ಟು ತೂಗುವ ನನ್ನ ತಕ್ಕಡಿಯ ಮೇಲೆ ಇಟ್ಟೆ. ಆಮೇಲೆ ಹಾಲು, ಎರಡು ಲೋಟ. ತಟ್ಟೆ, ಲೋಟದ ತೂಕ ಕಳೆದೆ. ಎರಡೂಕಾಲು ಪೌಂಡು. ಮನೆಗೆ ಬಂದಾಗ ಕರ್ಟಿಸ್ ನನ್ನ ಮುಂದೆಯೇ ಸ್ನಾನದ ಮನೆಯ ತಕ್ಕಡಿ ಹತ್ತಿದ್ದ. ಸರಿಯಾಗಿ ನೂರ ಇಪ್ಪತ್ತಾರಕ್ಕೆ ಬಂದು ನಿಂತಿದ್ದ. ಅಷ್ಟು ತಿಂದವನ ತೂಕ ಒಂದು ರಾತ್ರಿಯಲ್ಲಿ ಎಷ್ಟು ಇಳಿದೀತು? ಕುಸ್ತಿಯವನ ತಾಯಿ ನಾನು, ನನಗೆ ಗೊತ್ತಿಲ್ಲವೇ? ತೂಕ ಹೆಚ್ಚಿದ್ದರೂ ಯಾರೋ ಬಿಟ್ಟಿದ್ದಾರೆ ಅಂತ ಅಂದೇ ಗೊತ್ತಾಯಿತು. ಅಡುಗೆಯನ್ನು ನಾಯಿಗೆ ಹಾಕಿದೆ.

ಆರಿನ್‌ಗೆ ಹೇಳಲಿಲ್ಲ. ಪಾದ್ರಿಗೆ ಹೇಳಲಿಲ್ಲ. ನನ್ನ ಅಡುಗೆ ಕೇಡು ಮಾಡಲಿಲ್ಲ ಎಂದು ಎಲ್ಲರ ಮುಂದೆ ಹೇಳುತ್ತ ಬಂದೆ. ನಿಮಗೂ ಬರೆದೆ. ಯಾರಾದರೂ ಒಬ್ಬರು ಅಲ್ಲ, ಮಾಡಿತು ಅನ್ನಲಿ ಎಂದು ಕಾಯುತ್ತಿದ್ದೆನೋ ಏನೋ. ಅವನು ಏನಾದರೂ ಕುಡಿದನೇ ಎಂದು ನೀವು ಕೇಳಿದಾಗ, ಆ ಮನುಷ್ಯ ನೀವೇ ಎಂದು ತಿಳಿಯಿತು.

ಅಮ್ಮನಿಗೆ ಗೊತ್ತಾಗಬಾರದು ಅಂದನಲ್ಲ, ಅದು ಮಾತ್ರ ನನಗೆ ಗೊತ್ತಿರಲಿಲ್ಲ. ಆ ಸಾಲನ್ನು ಓದಿ ಕಾಗದ ಮಡಿಸಿಟ್ಟೆ. ಏಪ್ರಿಲ್ ಪೂರ್ತಿ ಅದನ್ನು ತೆಗೆಯಲಿಲ್ಲ.

ನಿಮ್ಮನ್ನು ಕ್ಷಮಿಸಿದ್ದೇನೋ ಇಲ್ಲವೋ ಹೇಳಲಾರೆ. ನನ್ನನ್ನೇ ನಾನು ಇನ್ನೂ ಕೇಳಿಕೊಂಡಿಲ್ಲ. ಆ ವಾರ ಅವನನ್ನು ನೋಡಿ ಅಯ್ಯೋ ಅಂದವರು ನಾವಿಬ್ಬರೇ, ನಾನು ಮತ್ತು ನೀವು. ಅಷ್ಟು ಮಾತ್ರ ಗೊತ್ತು.

ಬಡ್ ಟೆಕಿಪಿಗೆ ನನ್ನ ಈ ಪತ್ರ ತೋರಿಸಿ. ನಿಮ್ಮ ಜೊತೆ ಮೀನು ಹಿಡಿಯಲು ಬರುತ್ತಾನೆ.

ಇದರ ಜೊತೆ ಒಂದು ಫೋಟೋ ಇಟ್ಟಿದ್ದೇನೆ. ಪುಸ್ತಕಕ್ಕಲ್ಲ, ಅದು ಮುಗಿಯಿತು. ಕರ್ಟಿಸ್‌ಗೆ ಆಗ ಒಂಬತ್ತು ವರ್ಷ. ಹಿತ್ತಲಿನ ಮೇಜಿನ ಮುಂದೆ ಕೂತು ಜೋಳದ ತೆನೆ ತಿನ್ನುತ್ತಿದ್ದಾನೆ, ಗಲ್ಲದ ಮೇಲೆ ಬೆಣ್ಣೆ. ಡುಮ್ಮ ಡುಮ್ಮ ಎಂದು ಊರವರೆಲ್ಲ ಕೆನ್ನೆ ಹಿಂಡುತ್ತಿದ್ದರು. ಎಷ್ಟು ತೂಕವಿದ್ದ ಎಂದು ನೀವು ಕೇಳಬಹುದು. ಆಗ ಯಾರೂ ತೂಗಿರಲಿಲ್ಲ.

ಫೋಟೋ ಹಿಂದಿರುಗಿಸಬೇಕಾಗಿಲ್ಲ.

ವರ್ನಾ